ತಪ್ಪಿದ್ರೂ ನಿಲ್ಲಬ್ಯಾಡ!

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬರುವ ಬಸ್ಸಿನಲ್ಲೇ ರಿಸಲ್ಟ್ ನೋಡಿದೆ. ಐದು ವಿಷಯ ಪಾಸು, ಗಣಿತ ಫೇಲು. ತೊಡೆಯ ಮೇಲೆ ಬೆಡ್‌ಶೀಟಿನಲ್ಲಿ ಸುತ್ತಿದ ಗಿಟಾರು ಇತ್ತು. ಹಾಸ್ಟೆಲ್ಲಿನ ಸೀನಿಯರ್ ಒಬ್ಬರು ಕೋರ್ಸ್ ಮುಗಿಸಿ ಹೋಗುವಾಗ ಎರಡೂವರೆ ಸಾವಿರಕ್ಕೆ ಕೊಟ್ಟಿದ್ದರು. ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಹಚ್ಚೊಳ್ಳಿಗೆ ಬರುವಷ್ಟರಲ್ಲಿ, ಅಪ್ಪನಿಗೆ ಮೊದಲು ಯಾವುದನ್ನು ಹೇಳಬೇಕು, ಗಿಟಾರನ್ನೋ ಗಣಿತವನ್ನೋ ಎಂದು ಹತ್ತು ಸಲ ಯೋಚಿಸಿದ್ದೆ.

ಅಪ್ಪ ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದ. ಬೆಡ್‌ಶೀಟಿನ ಗಂಟು ನೋಡಿದ. ‘ರಿಸಲ್ಟ್ ಏನಾತು?’ ಅಂದ.

‘ಒಂದು ಹೋಗೈತಪ್ಪ.’

‘ಅದಕ್ಕೇನು ಇದು ಸಮಾಧಾನದ ಬಹುಮಾನನಾ?’

ಬೈದಿದ್ದರೆ ಚೆನ್ನಾಗಿತ್ತು. ಅಷ್ಟೇ ಹೇಳಿ ಒಳಗೆ ಹೋದ.

ಆ ರಜೆಯಲ್ಲಿ ನಾನು ಕಲಿಯಬೇಕೆಂದುಕೊಂಡಿದ್ದು ಸಿನಿಮಾ ಹಾಡಲ್ಲ. ಸೀನಿಯರ್ ಗಿಟಾರಿನ ಜತೆ ಒಂದು ಹಾಳೆಯನ್ನೂ ಕೊಟ್ಟಿದ್ದರು. ಅದರ ಮೇಲೆ ‘ಆಟಮ್ ಲೀವ್ಸ್’ ಎಂದು ಬರೆದಿತ್ತು. ‘ನಾಲ್ಕು ಕಾರ್ಡಿನ ಹಾಡು ಒಂದು ವಾರಕ್ಕೆ ಬೇಜಾರಾಗುತ್ತೆ. ಇದನ್ನು ಕಲಿ, ವರ್ಷಗಟ್ಟಲೆ ಸಾಕು’ ಅಂದಿದ್ದರು.

ಜಾಝ್ ಕಲಿಯುವವರಿಗೆ ಇದು ಹೆಚ್ಚುಕಡಿಮೆ ಸರಳೆ ವರಸೆ ಇದ್ದಹಾಗೆ. ಹಂಗೆರಿಯಲ್ಲಿ ಹುಟ್ಟಿ ಪ್ಯಾರಿಸ್ಸಿಗೆ ಬಂದು ನೆಲೆಸಿದ ಜೋಸೆಫ್ ಕೋಸ್ಮಾ 1945ರಲ್ಲಿ ಈ ಧಾಟಿ ಕಟ್ಟಿದರು. ಅದಕ್ಕೆ ಫ್ರೆಂಚ್ ಸಾಲುಗಳನ್ನು ಬರೆದವರು ಕವಿ ಜಾಕ್ ಪ್ರೆವೆರ್. 1946ರಲ್ಲಿ ಒಂದು ಫ್ರೆಂಚ್ ಸಿನಿಮಾದಲ್ಲಿ ಬಂತು. ಆಮೇಲೆ ಜಾನಿ ಮರ್ಸರ್ ಇಂಗ್ಲಿಷ್ ಸಾಲುಗಳನ್ನು ಬರೆದರು. 1958ರಲ್ಲಿ ಕ್ಯಾನನ್‌ಬಾಲ್ ಆಡರ್ಲಿ ಮತ್ತು ಮೈಲ್ಸ್ ಡೇವಿಸ್ ಇದನ್ನು ಒಂದು ರೀತಿ ನುಡಿಸಿದರೆ, ಮರುವರ್ಷ ಪಿಯಾನೊ ವಾದಕ ಬಿಲ್ ಇವಾನ್ಸ್ ಪೂರ್ತಿ ಬೇರೆ ರೀತಿ ನುಡಿಸಿದರು. ಹೀಗೆ ಎಲ್ಲರೂ ನುಡಿಸುವ, ಒಬ್ಬೊಬ್ಬರು ಒಂದೊಂದು ಥರ ನುಡಿಸುವ ಹಾಡಿಗೆ ಜಾಝ್‌ನಲ್ಲಿ ‘ಸ್ಟ್ಯಾಂಡರ್ಡ್’ ಅನ್ನುತ್ತಾರೆ.

‘ಮೂವತ್ತೆರಡು ಬಾರ್ ಐತಪ್ಪ, ಅಷ್ಟೇ’ ಅಂತ ಒಂದು ದಿನ ಊಟದ ಹೊತ್ತಲ್ಲಿ ಹೇಳಿಬಿಟ್ಟೆ. ಅಪ್ಪ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ. ‘ಸಿರುಗುಪ್ಪದಾಗೂ ಅಷ್ಟು ಬಾರ್ ಇಲ್ಲ’ ಅಂದ. ಅಮ್ಮ ನಕ್ಕಳು. ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಆವರ್ತ ಎಂದು ವಿವರಿಸುವಷ್ಟರಲ್ಲಿ ಅನ್ನ ಆರಿಹೋಗಿತ್ತು.

ಬೆರಳಿನ ಕಥೆ

ಮೊದಲ ಎರಡು ವಾರ ಸಂಗೀತ ಇರಲಿಲ್ಲ, ಬರೀ ನೋವು. ಉಕ್ಕಿನ ತಂತಿ ಎಡಗೈ ಬೆರಳ ತುದಿಗಳಲ್ಲಿ ಗೆರೆ ಕೊರೆದಿತ್ತು. ಆಗ ಧೈರ್ಯ ಕೊಟ್ಟವರು ಇಬ್ಬರು. ಒಬ್ಬರು ಜಾಂಗೊ ರೈನ್‌ಹಾರ್ಟ್. 1928ರಲ್ಲಿ ಅವರ ಗಾಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸ್ವಾಧೀನ ಕಳೆದುಕೊಂಡವು. ಉಳಿದ ಎರಡು ಬೆರಳಿನಲ್ಲೇ ಯುರೋಪಿನ ದೊಡ್ಡ ಗಿಟಾರ್ ವಾದಕರಾದರು. ಇನ್ನೊಬ್ಬರು ಅಮೆರಿಕದ ವೆಸ್ ಮಾಂಟ್ಗೊಮೆರಿ. ಗಿಟಾರನ್ನು ಗಂಭೀರವಾಗಿ ಹಿಡಿದಾಗ ಅವರಿಗೆ ಸುಮಾರು ಇಪ್ಪತ್ತು, ನನ್ನದೇ ವಯಸ್ಸು. ಹಗಲು ಫ್ಯಾಕ್ಟರಿ ಕೆಲಸ, ರಾತ್ರಿ ಗಿಟಾರು. ನೋಟೇಶನ್ ಓದಲು ಬರುತ್ತಿರಲಿಲ್ಲ. ಚಾರ್ಲಿ ಕ್ರಿಶ್ಚಿಯನ್ ಅವರ ರೆಕಾರ್ಡ್ ಕೇಳಿ ಕೇಳಿ ಕಲಿತರು. ಮನೆಯವರಿಗೆ, ನೆರೆಯವರಿಗೆ ಸದ್ದಾಗದಿರಲಿ ಎಂದು ಪಿಕ್ ಬಿಟ್ಟು ಹೆಬ್ಬೆರಳಲ್ಲಿ ಮೀಟುತ್ತಿದ್ದರಂತೆ. ಕೊನೆಗೆ ಅದೇ ಅವರ ಗುರುತಾಯಿತು. ನಾನೂ ಅಪ್ಪ ಮಲಗಿದ ಮೇಲೆ ಹಿತ್ತಲ ಕಟ್ಟೆಯಲ್ಲಿ ಹೆಬ್ಬೆರಳಲ್ಲೇ ಮೀಟತೊಡಗಿದೆ.

ಒಂದು ತಿಂಗಳಲ್ಲಿ ಏಳು ಕಾರ್ಡ್ ಬಾಯಿಪಾಠವಾದವು. ಎ ಮೈನರ್ ಸೆವೆನ್, ಡಿ ಸೆವೆನ್, ಜಿ ಮೇಜರ್ ಸೆವೆನ್, ಸಿ ಮೇಜರ್ ಸೆವೆನ್... ಐದನೆಯದು ಎಫ್ ಶಾರ್ಪ್ ಮೈನರ್ ಸೆವೆನ್ ಫ್ಲಾಟ್ ಫೈವ್. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತಿತ್ತು! ಅಲ್ಲಿಗೆ ಬಂದಾಗಲೆಲ್ಲ ಬೆರಳು ತಪ್ಪುತ್ತಿತ್ತು. ತಪ್ಪಿದ ಕೂಡಲೇ ‘ಛೆ’ ಎಂದು ನಿಲ್ಲಿಸಿ ಮತ್ತೆ ಮೊದಲಿಂದ ಶುರು. ಹೀಗಾಗಿ ಮೊದಲ ನಾಲ್ಕು ಬಾರ್ ಸಾವಿರ ಸಲ ನುಡಿಸಿದ್ದೆ, ಕೊನೆಯ ನಾಲ್ಕನ್ನು ಹತ್ತು ಸಲವೂ ಇಲ್ಲ.

ಬಿಳಿ ಮೂರು

ನಮ್ಮ ತಾತ ಊರಿನ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಬಯಲಾಟಕ್ಕೂ ಕೂರುತ್ತಿದ್ದರು. ಈಗ ಭಜನೆಗೆ ಜನ ಕಡಿಮೆ. ಪೇಟಿ ಬಟ್ಟೆ ಹೊದ್ದು ಅಟ್ಟದ ಕೆಳಗೆ ಕೂತಿತ್ತು. ಒಂದು ಸಂಜೆ ಅದನ್ನು ಎಳೆದುಕೊಂಡು ಬಂದು ನನ್ನೆದುರು ಕೂತರು. ‘ದಿನಾ ಅದೊಂದೇ ತುಣುಕು ಕೇಳಿ ಕೇಳಿ ಸಾಕಾಗೈತಿ. ಪೂರಾ ಹಾಡಪ, ಕೇಳೋಣ’ ಅಂದರು.

ಫೋನಿನಲ್ಲಿ ಹಾಕಿದೆ. ಎರಡು ಸಲ ಕೇಳಿದರು. ಬಿಳಿ ಮೂರಕ್ಕೆ ಷಡ್ಜ ಹಿಡಿದು ಹುಡುಕಿದರು: ಸ ರಿ ಗ, ಒಂದು ಜಿಗಿತ, ಧ. ಆಮೇಲೆ ನಿ ಸ ರಿ, ಪ. ಆಮೇಲೆ ಧ ನಿ ಸ, ಮ. ಆಮೇಲೆ ಪ ಧ ನಿ, ಗ. ‘ಏನಿಲ್ಲಪಾ, ಮೂರು ಮೆಟ್ಟಲು ಹತ್ತೋದು, ಒಂದು ಜಿಗಿಯೋದು. ಮತ್ತ ಒಂದು ಮೆಟ್ಟಲು ಕೆಳಗ ಬಂದು ಅದನ್ನ ಮಾಡೋದು. ಅಲಂಕಾರ ಇದ್ದಂಗ ಐತಿ. ನಾಕನೇ ಸಲ ಮಾತ್ರ ಧಾ, ನೀ ಬದಲಾಗ್ಯಾವ, ನೋಡು.’

ನಾನು ಒಂದು ತಿಂಗಳು ಕಾರ್ಡ್ ಬಡಿದಿದ್ದೆ, ಹಾಡು ಹೇಗಿದೆ ಎಂದು ನೋಡಿರಲೇ ಇಲ್ಲ.

ಪೇಟಿಯ ಶ್ರುತಿ ನನ್ನ ಫೋನಿನ ಟ್ಯೂನರಿಗಿಂತ ಸ್ವಲ್ಪ ಮೇಲಿತ್ತು. ಪೇಟಿಯನ್ನು ತಿರುಗಿಸಲಾಗದು, ಗಿಟಾರಿನ ಕಿವಿ ಹಿಂಡಿದೆ. ಇಬ್ಬರೂ ಶುರು ಮಾಡಿದೆವು. ಐದನೇ ಬಾರ್‌ಗೆ ನಾನು ಎಂದಿನಂತೆ ತಪ್ಪಿದೆ, ನಿಲ್ಲಿಸಿದೆ. ತಾತ ನಿಲ್ಲಿಸಲಿಲ್ಲ. ಬೆಲ್ಲೋ ಒತ್ತುತ್ತಾ, ನನ್ನ ಕಡೆ ನೋಡದೆ ಮುಂದಕ್ಕೆ ಹೋದರು. ನಾನು ಹಾಳೆ ನೋಡಿದೆ. ಅವರು ಎಲ್ಲಿದ್ದಾರೆ ಎಂಬುದೇ ಗೊತ್ತಾಗಲಿಲ್ಲ.

ಮುಗಿದ ಮೇಲೆ ಹೇಳಿದರು: ‘ಆಟದಾಗ ರಾಜನ ಪಾತ್ರದಾವ ಮಾತು ಮರೆತರ ನಾವು ಪೇಟಿ ಮುಚ್ಚಿ ಮನಿಗೆ ಹೋಗ್ತಿದ್ವೇನು? ಅವ ಏನೋ ಒಂದು ಆಡ್ತಿದ್ದ, ಮದ್ದಲಿ ನಿಲ್ತಿರಲಿಲ್ಲ, ಮುಂದಿನ ಪದಕ್ಕ ಬಂದು ಕೂಡ್ತಿದ್ದ. ತಪ್ಪಿದ್ರ ತಪ್ಪಲಿ, ನಿಲ್ಲಬ್ಯಾಡ. ಎಲ್ಲಿದೀನಿ ಅನ್ನೋದು ಗೊತ್ತಿರಬೇಕಷ್ಟೇ.’

ಸ್ಟ್ಯಾಂಡರ್ಡ್ ಅಂದರೇನು ಎಂಬುದು ನನಗೆ ತಿಳಿದದ್ದು ಆಗಲೇ. ಬಯಲಾಟದಲ್ಲಿ ಕಥೆ ಎಲ್ಲರಿಗೂ ಗೊತ್ತು, ಪದಗಳೂ ಗೊತ್ತು. ಆದರೂ ಜನ ಬೆಳತನಕ ಕೂರುವುದು ಈ ರಾತ್ರಿ ಈ ಪಾತ್ರಧಾರಿ ಹೇಗೆ ಆಡುತ್ತಾನೆ ಎಂದು ನೋಡಲು. ಜಾಝ್‌ನವರೂ ಅಷ್ಟೇ. ಮೊದಲು ಧಾಟಿ ನುಡಿಸುತ್ತಾರೆ, ಆಮೇಲೆ ಅದೇ ಮೂವತ್ತೆರಡು ಬಾರ್ ಒಳಗೆ ಹೊಸದಾಗಿ ಮಾತಾಡುತ್ತಾರೆ, ಕೊನೆಗೆ ಧಾಟಿಗೆ ಮರಳುತ್ತಾರೆ. ಮನೆಯ ಕಂಬಗಳು ಎಲ್ಲಿವೆ ಎಂದು ಗೊತ್ತಿದ್ದವನು ಮಾತ್ರ ಕತ್ತಲಲ್ಲಿ ಓಡಾಡಬಲ್ಲ.

ಒಂದು ನಿಲ್ಲುತ್ತದೆ, ಒಂದು ಸರಿಯುತ್ತದೆ

ಮರುದಿನದಿಂದ ವಿಧಾನ ಬದಲಿಸಿದೆ. ನನ್ನಂಥ ಹೊಸಬರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ಮೊದಲು ಹಾಡಿನ ನಕ್ಷೆ. ಎಂಟೆಂಟು ಬಾರ್‌ನ ನಾಲ್ಕು ಭಾಗ. ಮೊದಲೆರಡು ಒಂದೇ. ಮೂರನೆಯದರಲ್ಲಿ ಬರುವುದೂ ಅವೇ ಕಾರ್ಡ್, ಕ್ರಮ ಮಾತ್ರ ತಿರುಗುತ್ತದೆ. ನಾಲ್ಕನೆಯದರಲ್ಲಿ ನಡುವೆ ಬರುವ ಸಣ್ಣ ಕಾರ್ಡ್‌ಗಳನ್ನು ಹೊಸಬರು ಬಿಟ್ಟು ನುಡಿಸಬಹುದು.

ಆಮೇಲೆ ಮಂದ್ರ ಸ್ವರ. ಇ ಮೈನರ್ ಶ್ರುತಿಯಲ್ಲಿ ನುಡಿಸಿದರೆ ಇದು ಬಲು ಸುಲಭ. ಆರನೇ ತಂತಿಯ ಐದನೇ ಫ್ರೆಟ್, ಐದನೇ ತಂತಿಯ ಐದನೇ ಫ್ರೆಟ್. ಮತ್ತೆ ಆರರಲ್ಲಿ ಮೂರು, ಐದರಲ್ಲಿ ಮೂರು. ಆರರಲ್ಲಿ ಎರಡು, ಐದರಲ್ಲಿ ಎರಡು. ಕೊನೆಗೆ ಆರನೇ ತಂತಿ ಖಾಲಿ. ಐದು, ಮೂರು, ಎರಡು, ಸೊನ್ನೆ. ಇಷ್ಟೇ ಮೊದಲ ಭಾಗ.

ಮೂರನೆಯದು, ಆರೂ ತಂತಿ ಒತ್ತುವ ಹಟ ಬಿಡಬೇಕು. ಮಂದ್ರ ಸ್ವರದ ಜತೆ ಮೂರನೇ ಮತ್ತು ನಾಲ್ಕನೇ ತಂತಿಯಲ್ಲಿ ಒಂದೊಂದು ಸ್ವರ ಸಾಕು. ಎ ಮೈನರ್ ಸೆವೆನ್‌ನಿಂದ ಡಿ ಸೆವೆನ್‌ಗೆ ಹೋಗುವಾಗ ಮೂರನೇ ತಂತಿಯ ಬೆರಳು ಇದ್ದಲ್ಲೇ ಇರುತ್ತದೆ, ನಾಲ್ಕನೆಯದು ಒಂದೇ ಫ್ರೆಟ್ ಹಿಂದೆ ಬರುತ್ತದೆ. ಅಲ್ಲಿಂದ ಜಿ ಮೇಜರ್ ಸೆವೆನ್‌ಗೆ ನಾಲ್ಕನೆಯದು ನಿಲ್ಲುತ್ತದೆ, ಮೂರನೆಯದು ಒಂದು ಫ್ರೆಟ್ ಹಿಂದೆ. ಹೀಗೇ ಸರದಿಯ ಮೇಲೆ. ನಾನು ಹೆದರುತ್ತಿದ್ದ ಆ ಉದ್ದ ಹೆಸರಿನ ಕಾರ್ಡ್ ಕೂಡ ಹಿಂದಿನದರಿಂದ ಒಂದು ಬೆರಳು ಸರಿದರೆ ಬಂದುಬಿಡುತ್ತಿತ್ತು. ಏಳು ಕಾರ್ಡನ್ನು ಏಳು ಬೇರೆ ಬೇರೆ ಪ್ರಶ್ನೆಗಳಂತೆ ಉರು ಹೊಡೆದಿದ್ದೆ. ಅವು ಒಂದರ ಕೈ ಒಂದು ಹಿಡಿದುಕೊಂಡಿದ್ದವು.

ಕೊನೆಯದಾಗಿ, ಮೆಟ್ರೊನೋಮ್ ನಿಮಿಷಕ್ಕೆ ಅರುವತ್ತಕ್ಕೆ ಇಟ್ಟು, ಕೊನೆಯ ಎಂಟು ಬಾರ್‌ನಿಂದ ಕಲಿಕೆ ಶುರು. ತಪ್ಪಿದರೆ ಕೈ ಎತ್ತಿ, ಕಾಲಲ್ಲಿ ತಾಳ ಹಾಕುತ್ತಾ, ಮುಂದಿನ ಬಾರ್‌ಗೆ ಸೇರಿಕೊಳ್ಳುವುದು. ಹಿಂದಕ್ಕೆ ಹೋಗುವಂತಿಲ್ಲ.

ಹೀಗೆ ಕೂತಿದ್ದ ಒಂದು ಸಂಜೆ ಗಣಿತದ ನೋಟ್ಸ್ ಕಣ್ಣಿಗೆ ಬಿತ್ತು. ಮೊದಲ ಮಾಡ್ಯೂಲಿನ ಹಾಳೆಗಳು ಮಡಚಿ ಮಡಚಿ ಸವೆದಿದ್ದವು. ಐದನೆಯದು ಹೊಚ್ಚಹೊಸತಾಗಿತ್ತು. ಗಿಟಾರಿನಲ್ಲಿ ಮಾಡುತ್ತಿದ್ದುದನ್ನೇ ಇಲ್ಲೂ ಮಾಡಿದ್ದೆ: ತಿಳಿಯದಿದ್ದಲ್ಲಿ ನಿಲ್ಲುವುದು, ಮತ್ತೆ ತಿಳಿದಲ್ಲಿಂದ ಶುರು ಮಾಡುವುದು. ಪರೀಕ್ಷೆಯಲ್ಲೂ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡು ಮುಕ್ಕಾಲು ಗಂಟೆ ಕಳೆದು, ಬರುತ್ತಿದ್ದ ಲೆಕ್ಕಗಳನ್ನೂ ಬಿಟ್ಟು ಬಂದಿದ್ದೆ. ಆ ರಾತ್ರಿ ಐದನೇ ಮಾಡ್ಯೂಲಿನಿಂದ ಓದತೊಡಗಿದೆ.

ಬ್ಯಾಕ್ ಪೇಪರ್ ಬರೆದು ಬಂದಿದ್ದೇನೆ. ಫೂರಿಯರ್‌ನ ಒಂದು ಲೆಕ್ಕ ಮತ್ತೆ ಕೈಕೊಟ್ಟಿತು. ಜಾಗ ಬಿಟ್ಟು ಮುಂದಕ್ಕೆ ಹೋದೆ. ಫಲಿತಾಂಶ ಇನ್ನೂ ಬಂದಿಲ್ಲ. ಗಿಟಾರು ಗಣಿತ ಪಾಸು ಮಾಡಿಸುತ್ತದೆ ಎಂದು ನಾನು ಹೇಳಲಾರೆ. ಆದರೆ ಮೂರು ಗಂಟೆಯೂ ನಿಲ್ಲದೆ ಬರೆದದ್ದು ಇದೇ ಮೊದಲು.

ಎಲೆ ಉದುರುವ ಕಾಲದ ಹಾಡಿದು. ಯುಗಾದಿಗೆ ಮುಂಚೆ ನಮ್ಮ ಹಿತ್ತಲ ಬೇವು ಎಲೆ ಉದುರಿಸುತ್ತಿದ್ದಾಗ ಕಟ್ಟೆಯ ಮೇಲೆ ತಾತ, ನಾನು ಮೊದಲ ಸಲ ಮೂವತ್ತೆರಡೂ ಬಾರ್ ಮುಗಿಸಿದೆವು. ಇಪ್ಪತ್ತರ ಹತ್ತಿರ ಎಲ್ಲೋ ತಪ್ಪಿದೆ. ಕೈ ಎತ್ತಿದೆ, ಎಣಿಸಿದೆ, ಎರಡು ಬಾರ್ ಬಿಟ್ಟು ಕೂಡಿಕೊಂಡೆ. ತಾತನಿಗೆ ಗೊತ್ತಾಯಿತು, ಏನೂ ಅನ್ನಲಿಲ್ಲ.

ಅಪ್ಪ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

‘ಮೂವತ್ತೆರಡೂ ಆದ್ವಾ?’ ಎಂದು ಕೇಳಿದ.

‘ಆದ್ವಪ್ಪ. ನಡುವೆ ಎರಡು ಹೋದ್ವು.’

‘ಇರಲಿ. ಇನ್ನೊಂದ್ಸಲ ನುಡಿಸು’ ಎಂದು ಕಟ್ಟೆಯ ತುದಿಗೆ ಕೂತ.