ಬಂಡೆಗೆ ತಕ್ಕ ಶೂ

ರೂಪನಗುಡಿ, ಬಳ್ಳಾರಿ, ಕುರುಗೋಡುಗಳ ಸುತ್ತಲಿನ ಬೆಟ್ಟಗಳಿಂದ ಹಂಪಿಯವರೆಗೆ ಹಬ್ಬಿರುವ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಬಿಸಿಲು ಮಳೆಗೆ ಪದರ ಪದರವಾಗಿ ಕಳಚಿ ದುಂಡಗಾದ ಈ ಬಂಡೆಗಳ ದೆಸೆಯಿಂದಲೇ ಹಂಪಿಯು, ಹಗ್ಗವಿಲ್ಲದೆ ಹೆಚ್ಚು ಎತ್ತರವಲ್ಲದ ಬಂಡೆಗಳನ್ನು ಏರುವ ಬೋಲ್ಡರಿಂಗ್ ಕ್ರೀಡೆಗೆ ಜಗತ್ತಿನ ಪ್ರಮುಖ ತಾಣಗಳಲ್ಲೊಂದಾಗಿದೆ. ಕೆಳಗೆ ಹಾಸಿದ ದಪ್ಪ ಮೆತ್ತೆಯನ್ನು ಬಿಟ್ಟರೆ ಈ ಕ್ರೀಡೆಯಲ್ಲಿ ಏರುವವರು ನೆಚ್ಚಿಕೊಳ್ಳುವ ಮುಖ್ಯ ಸಲಕರಣೆ ಶೂ ಒಂದೇ ಆದ್ದರಿಂದ, ಅದರ ರಚನೆಯನ್ನು ಅರಿಯುವುದು ಅಗತ್ಯ.

ಫ್ರಾನ್ಸಿನ ಪಿಯರ್ ಅಲೈನ್ 1930ರ ದಶಕದಲ್ಲಿ ಫಾಂಟೆನ್‌ಬ್ಲೋ ಬಂಡೆಗಳಿಗಾಗಿ ನಯವಾದ ರಬ್ಬರ್ ಅಟ್ಟೆಯ ಹಗುರ ಶೂ ರೂಪಿಸಿದರು. 1980ರ ದಶಕದ ಆರಂಭದಲ್ಲಿ ಸ್ಪೇನಿನ ಬೋರಿಯಲ್ ಕಂಪನಿಯ 'ಫಿರೆ' ಶೂ ಬಂಡೆಗೆ ಅಂಟಿದಂತೆ ಹಿಡಿಯುವ ಮೃದು ರಬ್ಬರನ್ನು ಬಳಕೆಗೆ ತಂದು ಈ ಕ್ರೀಡೆಯ ಗತಿಯನ್ನೇ ಬದಲಿಸಿತು. ಇಂದಿನ ಕಡಿದಾದ ಏರುಗಳ ಶೂ ಗಿಳಿಯ ಕೊಕ್ಕಿನಂತೆ ಮುಂದಕ್ಕೆ ಕೆಳಬಾಗಿದ್ದು, ಹೆಬ್ಬೆರಳಿನ ಕಡೆಗೆ ಓರೆಯಾಗಿರುತ್ತದೆ. ಹಿಮ್ಮಡಿಯನ್ನು ಸುತ್ತುವರಿದ ಬಿಗಿ ರಬ್ಬರ್ ಪಟ್ಟಿ ಪಾದವನ್ನು ಮುಂದಕ್ಕೆ ದೂಡುವುದರಿಂದ, ಕಾಲಿನ ಬಲವೆಲ್ಲ ಹೆಬ್ಬೆರಳಿನ ತುದಿಗೆ ಬಂದು, ತಲೆಯ ಮೇಲೆ ಚಾಚಿದ ಬಂಡೆಯಲ್ಲೂ ಪುಟ್ಟ ಅಂಚನ್ನು ಕಾಲಿನಿಂದ ಎಳೆದು ಹಿಡಿಯಲು ಸಾಧ್ಯವಾಗುತ್ತದೆ. ಅಟ್ಟೆಯ ದಪ್ಪ ಸಾಮಾನ್ಯವಾಗಿ 3.5ರಿಂದ 4 ಮಿಲಿಮೀಟರ್ ಮಾತ್ರ.

ಆದರೆ ಬಾಗು ಹೆಚ್ಚಿದಷ್ಟೂ ಶೂ ಉತ್ತಮವೆಂಬ ನಂಬಿಕೆ ಈ ಸೀಮೆಗೆ ಹೊಂದುವುದಿಲ್ಲ. ಹಂಪಿಯ ಎಷ್ಟೋ ಬಂಡೆಗಳಲ್ಲಿ ಕಾಲಿಗೆ ಸಿಗುವುದು ಒರಟು ಹರಳುಗಳು ಅಥವಾ ಏನೂ ಅಂಚಿಲ್ಲದ ಇಳಿಜಾರು ಮಾತ್ರ. ಹರಳಿನ ಮೇಲೆ ನಿಲ್ಲಲು ಒಳಪದರ ಗಟ್ಟಿಯಾಗಿದ್ದು ಬೆರಳಿಗೆ ಆಸರೆ ಕೊಡಬೇಕು. ಇಳಿಜಾರಿನಲ್ಲಾದರೋ ಅಟ್ಟೆಯ ಆದಷ್ಟು ಹೆಚ್ಚು ಭಾಗ ಕಲ್ಲಿಗೆ ಒತ್ತಿ ಘರ್ಷಣೆಯಿಂದಲೇ ನಿಲ್ಲಬೇಕಾದುದರಿಂದ, ತೀರ ಬಾಗಿದ ಶೂ ಅಡ್ಡಿಯೇ ಆಗುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ, ಬೋಲ್ಟ್ ಹೊಡೆದು ಹಗ್ಗ ಹಾಕಿ ಏರುವ ಕಡಿದಾದ ಗೋಡೆಗಳಲ್ಲಿ, ಅದೇ ಶೂ ತನ್ನ ಯೋಗ್ಯತೆಯನ್ನು ತೋರುತ್ತದೆ. ಹೊಸದಾಗಿ ಕಲಿಯುವವರು ಚಪ್ಪಟೆ ಅಟ್ಟೆಯ ಶೂವಿನಿಂದ ತೊಡಗುವುದೇ ಸರಿ. ಬೆರಳು ತುಸು ಮಡಚಿ ಬಿಗಿಯಾಗಿರಬೇಕೇ ಹೊರತು, ನೋವು ತಾಳಲಾರದಷ್ಟು ಚಿಕ್ಕ ಶೂವಿನಿಂದ ಏರುವ ಶಕ್ತಿ ಹೆಚ್ಚುವುದಿಲ್ಲ.

ಗ್ರಾನೈಟ್ ರಬ್ಬರನ್ನು ಬೇಗ ಸವೆಸುತ್ತದೆ. ತುದಿ ತೂತಾಗುವ ಮೊದಲೇ ಹೊಸ ಅಟ್ಟೆ ಹಾಕಿಸಿದರೆ ಶೂ ಇನ್ನಷ್ಟು ಕಾಲ ಬಾಳುತ್ತದೆ. ಕಾದ ಕಲ್ಲಿನ ಮೇಲೆ ರಬ್ಬರ್ ಮೆತ್ತಗಾಗಿ ಕೈಯೂ ಬೆವರುವುದರಿಂದ, ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗು ಸಂಜೆಗಳೇ ಇಲ್ಲಿ ತಕ್ಕ ಹೊತ್ತು.

ರಬ್ಬರಿನ ಕಪ್ಪು ಗುರುತೂ ಕೈಗೆ ಹಚ್ಚುವ ಬಿಳಿ ಪುಡಿಯೂ ಕಲ್ಲಿನ ಮೇಲೆ ಉಳಿಯುತ್ತವೆ. ಆದ್ದರಿಂದ ಹಂಪಿಯ ಸ್ಮಾರಕಗಳನ್ನೂ, ಬಳ್ಳಾರಿ ಬಳಿಯ ಸಂಗನಕಲ್ಲು–ಕಪ್ಪಗಲ್ಲಿನಲ್ಲಿ ನವಶಿಲಾಯುಗದ ಜನರು ಕುಟ್ಟಿ ಮೂಡಿಸಿದ ಚಿತ್ರಗಳಿರುವ ಬಂಡೆಗಳನ್ನೂ ಯಾರೂ ಏರಬಾರದು.