ಕ್ಯಾಮೆರಾ ಆಧಾರಿತ ಸಸ್ಪೆನ್ಷನ್ ನಿಯಂತ್ರಣ

ಕ್ಯಾಮೆರಾ ಆಧಾರಿತ ಸಸ್ಪೆನ್ಷನ್ ನಿಯಂತ್ರಣವು ವಾಹನದ ಮುಂದಿರುವ ರಸ್ತೆಯ ಮೇಲ್ಮೈಯನ್ನು ಕ್ಯಾಮೆರಾದಿಂದ ಗ್ರಹಿಸಿ, ಚಕ್ರಗಳು ಆ ಜಾಗವನ್ನು ತಲುಪುವ ಮೊದಲೇ ಸಸ್ಪೆನ್ಷನ್ ಅನ್ನು ಅದಕ್ಕೆ ತಕ್ಕಂತೆ ಹೊಂದಿಸುವ ತಂತ್ರಜ್ಞಾನವಾಗಿದೆ. ಇದನ್ನು ಮುನ್ನೋಟ ನಿಯಂತ್ರಣದ ಒಂದು ಬಗೆ ಎಂದು ಪರಿಗಣಿಸಲಾಗುತ್ತದೆ. ಸಾಮಾನ್ಯ ಸಸ್ಪೆನ್ಷನ್ ಗುಂಡಿಯ ಹೊಡೆತ ಬಿದ್ದ ನಂತರ ಪ್ರತಿಕ್ರಿಯಿಸಿದರೆ, ಈ ವ್ಯವಸ್ಥೆಯು ಹೊಡೆತ ಬೀಳುವ ಮೊದಲೇ ಸಿದ್ಧವಾಗುತ್ತದೆ. ರಸ್ತೆ ಎಷ್ಟು ದೂರದವರೆಗೆ ಕಾಣುತ್ತದೆ ಮತ್ತು ಅದಕ್ಕೆ ಸ್ಪಂದಿಸಲು ಎಷ್ಟು ಸಮಯ ಸಿಗುತ್ತದೆ ಎಂಬ ಎರಡು ಅಂಶಗಳನ್ನು ಇದರ ಯಶಸ್ಸು ಅವಲಂಬಿಸಿದೆ.

ಹಿನ್ನೆಲೆ

ಸಸ್ಪೆನ್ಷನ್ ವ್ಯವಸ್ಥೆಯಲ್ಲಿ ಮುಖ್ಯವಾಗಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎಂಬ ಎರಡು ಭಾಗಗಳಿರುತ್ತವೆ. ಸ್ಪ್ರಿಂಗ್ ವಾಹನದ ಭಾರವನ್ನು ಹೊರುತ್ತದೆ. ಶಾಕ್ ಅಬ್ಸಾರ್ಬರ್ ಕುಲುಕಾಟವನ್ನು ಶಮನಗೊಳಿಸುತ್ತದೆ. ಇವುಗಳಿಂದ ನಿರೀಕ್ಷಿಸುವ ಕೆಲಸಗಳೂ ಎರಡು. ಮೊದಲನೆಯದು ಪ್ರಯಾಣಿಕರಿಗೆ ಕುಲುಕಾಟ ತಟ್ಟದಂತೆ ಮಾಡುವುದು. ಎರಡನೆಯದು ಟೈರ್ ಸದಾ ರಸ್ತೆಗೆ ಅಂಟಿಕೊಂಡಿರುವಂತೆ ನೋಡಿಕೊಳ್ಳುವುದು. ಸಸ್ಪೆನ್ಷನ್ ಮೃದುವಾದಷ್ಟೂ ಪ್ರಯಾಣ ಹಿತವಾಗುತ್ತದೆ, ಆದರೆ ತಿರುವಿನಲ್ಲಿ ಮತ್ತು ಬ್ರೇಕ್ ಹಾಕಿದಾಗ ವಾಹನ ಓಲಾಡುತ್ತದೆ. ಟೈರ್ ನೆಲ ಬಿಟ್ಟ ಕ್ಷಣದಲ್ಲಿ ಬ್ರೇಕ್ ಆಗಲಿ ಸ್ಟೀರಿಂಗ್ ಆಗಲಿ ಆ ಚಕ್ರದ ಮೇಲೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಸಸ್ಪೆನ್ಷನ್ ಸುಖದ ಜೊತೆಗೆ ಸುರಕ್ಷತೆಗೂ ಸಂಬಂಧಿಸಿದ ವಿಷಯವಾಗಿದೆ.

ಕಾರಿನ ದೇಹವು ಸಾಮಾನ್ಯವಾಗಿ ಸೆಕೆಂಡಿಗೆ 1ರಿಂದ 1.5 ಬಾರಿ ಮೇಲೆ ಕೆಳಗೆ ತೂಗುತ್ತದೆ. ಚಕ್ರವು 10ರಿಂದ 15 ಬಾರಿ ಕಂಪಿಸುತ್ತದೆ. ಕುಳಿತಿರುವ ಮನುಷ್ಯನಿಗೆ ಹೆಚ್ಚು ಹಿಂಸೆಯಾಗುವುದು ಇವೆರಡರ ನಡುವಿನ, ಸೆಕೆಂಡಿಗೆ 4ರಿಂದ 8 ಬಾರಿಯ ಲಂಬ ಕಂಪನದಿಂದ.

ಇತಿಹಾಸ

ಮುಂದಿನ ರಸ್ತೆಯ ಮಾಹಿತಿ ಮೊದಲೇ ದೊರೆತರೆ ಸಸ್ಪೆನ್ಷನ್ ಎಷ್ಟು ಸುಧಾರಿಸಬಹುದು ಎಂಬುದನ್ನು ಇ. ಕೆ. ಬೆಂಡರ್ 1968ರಲ್ಲಿ ಗಣಿತದ ಮೂಲಕ ವಿಶ್ಲೇಷಿಸಿದರು. ಮಸಾಯೋಷಿ ತೊಮಿಝುಕಾ 1976ರಲ್ಲಿ ಇದೇ ಸಮಸ್ಯೆಯನ್ನು ಮತ್ತೆ ಪರಿಶೀಲಿಸಿದರು. ಈ ನಡುವೆ 1974ರಲ್ಲಿ ಡೀನ್ ಕಾರ್ನಾಪ್ ಮತ್ತು ಸಹೋದ್ಯೋಗಿಗಳು 'ಸ್ಕೈಹುಕ್' ಎಂಬ ನಿಯಂತ್ರಣ ಕ್ರಮವನ್ನು ಪ್ರಕಟಿಸಿದರು. ವಾಹನದ ದೇಹವನ್ನು ಆಕಾಶದಲ್ಲಿನ ಒಂದು ಸ್ಥಿರ ಬಿಂದುವಿಗೆ ಶಾಕ್ ಅಬ್ಸಾರ್ಬರ್‌ನಿಂದ ಕಟ್ಟಿದಂತೆ ಭಾವಿಸಿ ಲೆಕ್ಕ ಹಾಕುವುದು ಇದರ ತತ್ವ.

ರಸ್ತೆಯನ್ನು ಅಳೆಯುವ ಅಗ್ಗದ ಸಾಧನವಿಲ್ಲದ ಕಾರಣ ಮುನ್ನೋಟ ನಿಯಂತ್ರಣವು ಹಲವು ದಶಕ ಸಿದ್ಧಾಂತವಾಗಿಯೇ ಉಳಿಯಿತು. 2007ರಲ್ಲಿ ಮರ್ಸಿಡಿಸ್-ಬೆಂಜ್ ಪ್ರದರ್ಶಿಸಿದ ಎಫ್ 700 ಎಂಬ ಮಾದರಿ ಕಾರು ಲೇಸರ್ ಸಂವೇದಕಗಳಿಂದ ರಸ್ತೆಯನ್ನು ಅಳೆಯುತ್ತಿತ್ತು. 2013ರಲ್ಲಿ ಅದೇ ಸಂಸ್ಥೆಯ ಎಸ್-ಕ್ಲಾಸ್ ಕಾರಿನಲ್ಲಿ 'ಮ್ಯಾಜಿಕ್ ಬಾಡಿ ಕಂಟ್ರೋಲ್' ಎಂಬ ಹೆಸರಿನ ವ್ಯವಸ್ಥೆ ಮಾರುಕಟ್ಟೆಗೆ ಬಂದಿತು. ಇದರಲ್ಲಿ ಗಾಳಿತಡೆ ಗಾಜಿನ ಹಿಂದಿರುವ ಜೋಡಿ ಕ್ಯಾಮೆರಾ ಸುಮಾರು 15 ಮೀಟರ್ ಮುಂದಿನವರೆಗಿನ ರಸ್ತೆಯನ್ನು ನೋಡುತ್ತದೆ. 2017ರಲ್ಲಿ ಪರಿಚಯಿಸಲಾದ ಡಿಎಸ್ 7 ಕ್ರಾಸ್‌ಬ್ಯಾಕ್ ಕಾರಿನಲ್ಲಿ ಕ್ಯಾಮೆರಾದ ಮಾಹಿತಿಯನ್ನು ಆಧರಿಸಿ ಪ್ರತಿ ಚಕ್ರದ ಶಾಕ್ ಅಬ್ಸಾರ್ಬರ್‌ನ ಬಿಗಿತವನ್ನು ಬದಲಿಸುವ ವ್ಯವಸ್ಥೆಯಿದೆ.

ಕಾರ್ಯವಿಧಾನ

ಜೋಡಿ ಕ್ಯಾಮೆರಾವು ಮನುಷ್ಯನ ಎರಡು ಕಣ್ಣುಗಳಂತೆ ಕೆಲಸ ಮಾಡುತ್ತದೆ. ಒಂದೇ ಬಿಂದು ಎರಡು ಚಿತ್ರಗಳಲ್ಲಿ ಎಷ್ಟು ಸರಿದಿದೆ ಎಂಬುದರಿಂದ ಅದರ ದೂರವನ್ನು ಕಂಡುಹಿಡಿಯಲಾಗುತ್ತದೆ. ಈ ಅಳತೆಯ ದೋಷವು ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 10 ಮೀಟರ್‌ನಲ್ಲಿರುವ ದೋಷವು 20 ಮೀಟರ್‌ನಲ್ಲಿ ನಾಲ್ಕು ಪಟ್ಟಾಗುತ್ತದೆ. ಒಂದೇ ಕ್ಯಾಮೆರಾ ಬಳಸುವ ವ್ಯವಸ್ಥೆಗಳಲ್ಲಿ ಚಿತ್ರದಲ್ಲಿರುವುದು ಗುಂಡಿಯೋ, ರಸ್ತೆ ಉಬ್ಬೋ ಎಂಬುದನ್ನು ಗುರುತಿಸಲು ಯಂತ್ರಕಲಿಕೆಯನ್ನು ಬಳಸಲಾಗುತ್ತದೆ.

ವಾಹನದ ಸ್ವಂತ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ. ಬ್ರೇಕ್ ಹಾಕಿದಾಗ ಕಾರಿನ ಮುಂಭಾಗ ಬಾಗುತ್ತದೆ. ಕೇವಲ 1 ಡಿಗ್ರಿಯಷ್ಟು ಬಾಗಿದರೂ 15 ಮೀಟರ್ ದೂರದಲ್ಲಿ ಎತ್ತರದ ಅಳತೆ ಸುಮಾರು 26 ಸೆಂ.ಮೀ. ತಪ್ಪುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ:99 (1988) ಮಾರ್ಗಸೂಚಿಯ ಪ್ರಕಾರ ರಸ್ತೆ ಉಬ್ಬಿನ ಎತ್ತರ 10 ಸೆಂ.ಮೀ.; ಅಂದರೆ ದೋಷವು ಉಬ್ಬಿನ ಎತ್ತರದ ಎರಡೂವರೆ ಪಟ್ಟಾಗುತ್ತದೆ. ಉಬ್ಬು ಕಂಡಾಗಲೇ ಚಾಲಕ ಬ್ರೇಕ್ ಹಾಕುವುದರಿಂದ ಈ ದೋಷ ಅಪರೂಪದ್ದಲ್ಲ. ಹಾಗಾಗಿ ವಾಹನದ ಓಲಾಟವನ್ನು ಅಳೆಯುವ ಸಂವೇದಕಗಳ ಮಾಹಿತಿಯಿಂದ ಚಿತ್ರವನ್ನು ಸರಿಪಡಿಸಲಾಗುತ್ತದೆ.

ನಿಯಂತ್ರಣವು ಎರಡು ವಿಧವಾಗಿದೆ. ಅರೆಸಕ್ರಿಯ ವ್ಯವಸ್ಥೆಯು ಶಾಕ್ ಅಬ್ಸಾರ್ಬರ್‌ನ ಬಿಗಿತವನ್ನು ಮಾತ್ರ ಬದಲಿಸುತ್ತದೆ. ಇದಕ್ಕೆ ಕಡಿಮೆ ಶಕ್ತಿ ಸಾಕು. ಸಕ್ರಿಯ ವ್ಯವಸ್ಥೆಯು ಹೈಡ್ರಾಲಿಕ್ ಅಥವಾ ವಿದ್ಯುತ್ ಬಲದಿಂದ ಉಬ್ಬು ಬಂದಾಗ ಚಕ್ರವನ್ನು ಮೇಲೆತ್ತಬಲ್ಲದು, ತಗ್ಗು ಬಂದಾಗ ಕೆಳಗಿಳಿಸಬಲ್ಲದು. ಇದು ಹೆಚ್ಚು ಪರಿಣಾಮಕಾರಿಯಾದರೂ ದುಬಾರಿಯಾಗಿದೆ. ಕ್ಯಾಮೆರಾದ ಮಾಹಿತಿ ನಂಬಲರ್ಹವಲ್ಲದಿದ್ದಾಗ ವ್ಯವಸ್ಥೆಯು ಮುನ್ನೋಟವನ್ನು ಕೈಬಿಟ್ಟು, ಹೊಡೆತಕ್ಕೆ ಪ್ರತಿಕ್ರಿಯಿಸುವ ಸಾಮಾನ್ಯ ಕ್ರಮಕ್ಕೆ ಮರಳಬೇಕಾಗುತ್ತದೆ. ಇಲ್ಲದ ಗುಂಡಿಗೆ ಚಕ್ರವನ್ನು ಇಳಿಸುವುದು ಇರುವ ಗುಂಡಿಯನ್ನು ಗಮನಿಸದಿರುವುದಕ್ಕಿಂತ ಹೆಚ್ಚು ತೊಂದರೆ ಉಂಟುಮಾಡಬಹುದು.

ಉತ್ತರ ಬೆಂಗಳೂರಿನ ರಸ್ತೆಗಳ ಉದಾಹರಣೆ

ಉತ್ತರ ಬೆಂಗಳೂರಿನಲ್ಲಿ ಕೆಲವೇ ಕಿಲೋಮೀಟರ್‌ಗಳ ಅಂತರದಲ್ಲಿ ಭಿನ್ನ ಸ್ವರೂಪದ ರಸ್ತೆಗಳಿರುವುದರಿಂದ ಈ ತಂತ್ರಜ್ಞಾನದ ಸಾಧ್ಯತೆ ಮತ್ತು ಮಿತಿಗಳನ್ನು ಅಲ್ಲಿನ ಉದಾಹರಣೆಗಳಿಂದ ವಿವರಿಸಬಹುದು. ಹೆಬ್ಬಾಳದಿಂದ ಯಲಹಂಕದ ಕಡೆಗೆ ಸಾಗುವ ಎತ್ತರಿಸಿದ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. 15 ಮೀಟರ್ ಮುಂದಿನ ಸೇತುವೆಯ ಜೋಡಣೆ ಕ್ಯಾಮೆರಾಗೆ ಕಂಡಾಗ ಸಿಗುವ ಸಮಯ ಸುಮಾರು 0.7 ಸೆಕೆಂಡ್. ಅಷ್ಟರಲ್ಲಿ ಚಿತ್ರವನ್ನು ವಿಶ್ಲೇಷಿಸಿ, ನಿರ್ಧಾರ ಕೈಗೊಂಡು, ಬಲ ಪ್ರಯೋಗಿಸಬೇಕು.

ಆರ್.ಟಿ. ನಗರದ ಒಳರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗುವ ಕಾರಿಗೆ ಅದೇ 15 ಮೀಟರ್ ದೂರಕ್ಕೆ 2.7 ಸೆಕೆಂಡ್ ಸಿಗುತ್ತದೆ. ಆದರೆ ಯಶವಂತಪುರ ಅಥವಾ ಹೆಬ್ಬಾಳದ ದಟ್ಟಣೆಯಲ್ಲಿ ಮುಂದಿನ ವಾಹನ 3 ಮೀಟರ್ ಅಂತರದಲ್ಲಿದ್ದರೆ ರಸ್ತೆಯೇ ಕಾಣುವುದಿಲ್ಲ. ಆ ಅಂತರದ ಬಹುಭಾಗವನ್ನು ಕಾರಿನ ಬಾನೆಟ್ ಮರೆಮಾಡುತ್ತದೆ. ಹೀಗೆ ವೇಗದ ರಸ್ತೆಯಲ್ಲಿ ನೋಟವಿದ್ದರೂ ಸಮಯ ಕಡಿಮೆ. ದಟ್ಟಣೆಯ ರಸ್ತೆಯಲ್ಲಿ ಸಮಯವಿದ್ದರೂ ನೋಟವಿಲ್ಲ.

ಐಆರ್‌ಸಿ:99 ಮಾರ್ಗಸೂಚಿಯ ಉಬ್ಬು 3.7 ಮೀಟರ್ ಅಗಲವಿದ್ದು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಯೋಜಿಸಲಾಗಿದೆ. ಆ ವೇಗದಲ್ಲಿ ಚಕ್ರವು ಅದನ್ನು ಸುಮಾರು ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. ಕಪ್ಪು ಬಿಳುಪು ಪಟ್ಟೆಗಳಿರುವ ಉಬ್ಬನ್ನು ಕ್ಯಾಮೆರಾ ಸುಲಭವಾಗಿ ಗುರುತಿಸುತ್ತದೆ. ಬಣ್ಣ ಮಾಸಿದ ಅಥವಾ ಅಳತೆ ಮೀರಿದ ಕಿರಿದಾದ ಉಬ್ಬು ಡಾಂಬರಿನೊಂದಿಗೆ ಬೆರೆತು ಹೋಗುತ್ತದೆ.

ಬೆಂಗಳೂರಿಗೆ ಸಂಬಂಧಿಸಿದ ಸಂಶೋಧನೆ

ಆಗ ಸದಾಶಿವನಗರದಲ್ಲಿದ್ದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಪ್ರಶಾಂತ್ ಮೋಹನ್, ವೆಂಕಟ ಪದ್ಮನಾಭನ್ ಮತ್ತು ರಾಮಚಂದ್ರನ್ ರಾಮ್ಜೀ 2008ರಲ್ಲಿ 'ನೆರಿಸೆಲ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಇದು ಪ್ರಯಾಣಿಕರ ಫೋನ್‌ಗಳಲ್ಲಿನ ವೇಗೋತ್ಕರ್ಷ ಮಾಪಕದಿಂದ ಗುಂಡಿ ಮತ್ತು ಉಬ್ಬುಗಳನ್ನೂ, ಮೈಕ್ರೊಫೋನ್‌ನಿಂದ ಹಾರನ್ ಸದ್ದನ್ನೂ ಪತ್ತೆ ಮಾಡುತ್ತಿತ್ತು. ಇದರಲ್ಲಿ ಕ್ಯಾಮೆರಾ ಇರಲಿಲ್ಲ. ಗುಂಡಿಯನ್ನು ದಾಟಿದ ನಂತರವೇ ಅದರ ಅರಿವಾಗುತ್ತಿತ್ತು. ಆದರೆ ಒಂದು ವಾಹನ ಅನುಭವಿಸಿದ ಗುಂಡಿಯ ಸ್ಥಾನವನ್ನು ನಕ್ಷೆಯಲ್ಲಿ ದಾಖಲಿಸಿದರೆ, ಹಿಂದೆ ಬರುವ ವಾಹನಕ್ಕೆ ಅದೇ ಮುನ್ನೋಟವಾಗುತ್ತದೆ. ದಟ್ಟಣೆಯಲ್ಲಿ ಕ್ಯಾಮೆರಾಗೆ ರಸ್ತೆ ಕಾಣದಿರುವ ಕೊರತೆಯನ್ನು ಇಂತಹ ಮಾಹಿತಿಯಿಂದ ಭಾಗಶಃ ತುಂಬಬಹುದು.

ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಮತ್ತು ಇಂಟೆಲ್ ಸಿದ್ಧಪಡಿಸಿದ 'ಇಂಡಿಯಾ ಡ್ರೈವಿಂಗ್ ಡೇಟಾಸೆಟ್' ಎಂಬ ಚಿತ್ರಸಂಗ್ರಹದಲ್ಲಿ ಹೈದರಾಬಾದ್, ಬೆಂಗಳೂರು ಹಾಗೂ ಸುತ್ತಮುತ್ತಲಿನ ರಸ್ತೆಗಳಲ್ಲಿ ಕಾರಿನ ಮುಂಭಾಗದ ಕ್ಯಾಮೆರಾದಿಂದ ತೆಗೆದ 10,004 ಚಿತ್ರಗಳಿವೆ. ಅವುಗಳಲ್ಲಿನ ವಸ್ತುಗಳನ್ನು 34 ವರ್ಗಗಳಾಗಿ ಗುರುತಿಸಲಾಗಿದೆ. ಅಂಚು ಸ್ಪಷ್ಟವಿಲ್ಲದ ರಸ್ತೆ, ಪಕ್ಕದ ಮಣ್ಣಿನ ಹಾದಿ ಮತ್ತು ಮಿಶ್ರ ಸಂಚಾರಗಳ ನಡುವೆ ಚಲಿಸಬಹುದಾದ ಭಾಗ ಯಾವುದು ಎಂದು ಯಂತ್ರಕ್ಕೆ ಕಲಿಸಲು ಇಂತಹ ಸಂಗ್ರಹಗಳು ನೆರವಾಗುತ್ತವೆ.

ಮಿತಿಗಳು

ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯು ಕ್ಯಾಮೆರಾಗೆ ದೊಡ್ಡ ಸವಾಲಾಗಿದೆ. ಶಾಂತವಾದ ನೀರು ಕನ್ನಡಿಯಂತೆ ವರ್ತಿಸುವುದರಿಂದ ಜೋಡಿ ಕ್ಯಾಮೆರಾವು ಪ್ರತಿಬಿಂಬದ ದೂರವನ್ನು ಅಳೆದು, ಅಲ್ಲಿ ಆಳವಾದ ಹಳ್ಳವಿದೆ ಎಂದು ತಿಳಿಯಬಹುದು. ಕೆಸರು ನೀರು ಸಮತಟ್ಟಾದ ನೆಲದಂತೆ ಕಾಣಬಹುದು. ಎರಡೂ ಸಂದರ್ಭಗಳಲ್ಲಿ ನಿಜವಾದ ಆಳ ತಿಳಿಯುವುದಿಲ್ಲ. ಮರದ ನೆರಳು, ಎದುರು ವಾಹನದ ದೀಪದ ಪ್ರಖರತೆ, ಗಾಜಿನ ಮೇಲಿನ ಧೂಳು ಮತ್ತು ರಾತ್ರಿಯ ಮಂದ ಬೆಳಕು ಕೂಡ ಗ್ರಹಿಕೆಯನ್ನು ಕುಗ್ಗಿಸುತ್ತವೆ.

ಮುನ್ನೋಟ ಸಸ್ಪೆನ್ಷನ್ ಹೆಚ್ಚಾಗಿ ದುಬಾರಿ ಕಾರುಗಳಲ್ಲಿ ಬಳಕೆಗೆ ಬಂದಿದೆ. ಗುಂಡಿಯಿಂದ ಹೆಚ್ಚಿನ ಅಪಾಯವಿರುವುದು ದ್ವಿಚಕ್ರ ವಾಹನ ಸವಾರರಿಗೆ. ಅವರಿಗೆ ಈ ತಂತ್ರಜ್ಞಾನದಿಂದ ನೇರ ಪ್ರಯೋಜನವಿಲ್ಲ. ಆದರೆ ಸಸ್ಪೆನ್ಷನ್‌ಗಾಗಿ ಕ್ಯಾಮೆರಾ ಸಂಗ್ರಹಿಸುವ ರಸ್ತೆಯ ಮಾಹಿತಿಯನ್ನು ದುರಸ್ತಿ ಮಾಡುವವರಿಗೆ ತಲುಪಿಸಿ, ಅದರಿಂದ ಗುಂಡಿ ಮುಚ್ಚಿದರೆ ಅದರ ಲಾಭ ಆ ರಸ್ತೆಯಲ್ಲಿ ಸಾಗುವ ಎಲ್ಲರಿಗೂ ದೊರೆಯುತ್ತದೆ.