ಕುವೆಂಪು ಕಂಡ ಮಲೆನಾಡು ಮತ್ತು ನಮ್ಮ ತೋಟಗಳು



ಅಡಿಕೆಗೆ ಮೊದಲ ಸಲದ ಔಷಧಿ ಹೊಡೆಸಿ ಮುಗಿಸಿ, ಜಡಿಮಳೆಗೆ ಹೊರಗೆ ಕಾಲಿಡಲಾಗದೆ ಕುಳಿತ ದಿನಗಳಲ್ಲಿ ನಾವು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮತ್ತೊಮ್ಮೆ ಓದಿದೆವು. ಕಾಲೇಜಿನ ದಿನಗಳಲ್ಲಿ ಕಥೆಗಾಗಿ ಓದಿದ್ದ ಪುಸ್ತಕ. ಈ ಸಲ ತೋಟಗಾರನ ಕಣ್ಣಿನಿಂದ ನೋಡಿದಾಗ ಬೇರೆಯೇ ಸಂಗತಿಗಳು ಕಂಡವು. ಧಾರಣೆ, ಗೊಬ್ಬರ, ಕೊಳೆರೋಗಗಳ ಮಾತಿಗೆ ಮೀಸಲಾದ ಈ ಪುಟಗಳಲ್ಲಿ ಅವನ್ನು ಹೇಳಿಕೊಂಡರೆ ಸದಸ್ಯರು ಬೇಸರಿಸಲಾರರೆಂದು ನಂಬಿದ್ದೇವೆ.

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಓದು, ಉದ್ಯೋಗ, ಬಾಳುವೆ ಹೆಚ್ಚಾಗಿ ಮೈಸೂರಿನಲ್ಲಾದರೂ ಅವರ ಬರವಣಿಗೆ ಮಾತ್ರ ಘಟ್ಟದ ಸೀಮೆಯನ್ನು ಬಿಡಲಿಲ್ಲ. 1933ರ ‘ಮಲೆನಾಡಿನ ಚಿತ್ರಗಳು’, 1936ರ ‘ಕಾನೂರು ಹೆಗ್ಗಡಿತಿ’, 1967ರ ‘ಮಲೆಗಳಲ್ಲಿ ಮದುಮಗಳು’, ಇವೆಲ್ಲ ನಮ್ಮ ನೆಲದ ಪುಸ್ತಕಗಳು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ರಾಮ ನಡೆಯುವ ಅರಣ್ಯದಲ್ಲೂ ಸಹ್ಯಾದ್ರಿಯ ಮಳೆಯ ಸದ್ದೇ ಕೇಳುತ್ತದೆ.

ಇಂದು ಮಲೆನಾಡೆಂದರೆ ಪಟ್ಟಣದವರಿಗೆ ಹಸಿರು, ಮಂಜು, ಜಲಪಾತ. ಎರಡು ದಿನದ ರಜೆ. ಕುವೆಂಪು ಕಂಡ ಕಾಡು ಅಂಥ ನೋಟವಲ್ಲ. ಅಲ್ಲಿ ಜನ ದಾರಿ ತಪ್ಪುತ್ತಾರೆ, ಇಂಬಳ ಕಚ್ಚಿಸಿಕೊಳ್ಳುತ್ತಾರೆ, ಬೇಟೆಯಾಡುತ್ತಾರೆ, ಸೊಪ್ಪು ಸೌದೆ ತರುತ್ತಾರೆ. ‘ಕಾನೂರು’ ಎಂಬ ಹೆಸರಿನಲ್ಲೇ ‘ಕಾನು’ ಇದೆ. ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ, ಮೇಲಿನ ಕಾನಿಲ್ಲದೆ ಕೆಳಗಿನ ಹಳ್ಳದಲ್ಲಿ ಬೇಸಿಗೆಯ ನೀರಿಲ್ಲ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನು ಹಕ್ಕಿಗಳ ವಿಷಯ. ಕವಿಗೆ ‘ಒಂದು ಹಕ್ಕಿ ಹಾಡಿತು’ ಎಂದರೆ ಸಾಲದು. ಕಾಜಾಣವೋ, ಕಾಮಳ್ಳಿಯೋ, ಪಿಕಳಾರವೋ ಎಂದು ಹೆಸರಿಡಿದು ಕರೆಯುತ್ತಾರೆ. 1946ರ ಒಂದು ಕವನ ಸಂಕಲನಕ್ಕೆ ‘ಪಕ್ಷಿಕಾಶಿ’ ಎಂದೇ ಹೆಸರಿಟ್ಟರು. ಹಕ್ಕಿ ಇರುವ ಕಾಡೇ ಅವರಿಗೆ ಯಾತ್ರಾಸ್ಥಳ.

ಆದರೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ‘ಮದುಮಗಳು’ ಕಾದಂಬರಿಯಲ್ಲಿ ನಮಗೆ ಮೊದಲು ಎದುರಾಗುವವನು ಹೆಗ್ಗಡೆಯಲ್ಲ, ಗೌಡನಲ್ಲ. ನಾಯಿಯೊಡನೆ ಕಾಡುದಾರಿ ಹಿಡಿದ ಗುತ್ತಿ ಎಂಬ ಜೀತದಾಳು. ಒಡೆಯರ ಮನೆಯ ಜಗಲಿಯನ್ನು ಬಣ್ಣಿಸಿದಷ್ಟೇ ಅಕ್ಕರೆಯಿಂದ ಆಳಿನ ಬಿಡಾರವನ್ನೂ ಕವಿ ಬಣ್ಣಿಸುತ್ತಾರೆ. ಒಡೆಯರ ದರ್ಪವನ್ನು, ಹೊಡೆತವನ್ನು, ಜಾತಿಯ ಕ್ರೌರ್ಯವನ್ನು ಮುಚ್ಚಿಡುವುದಿಲ್ಲ. ತಾವೇ ಅಂಥ ಮನೆತನದಿಂದ ಬಂದವರಾದರೂ ಹಾಗೆ ಬರೆದರು. ಮಲೆನಾಡಿಗರೆಂಬ ಹೆಮ್ಮೆ ನಮಗಿದ್ದರೆ, ಆ ಹೆಸರಿನಲ್ಲಿ ಗುತ್ತಿಗೂ ಪಾಲಿದೆ ಎಂಬುದು ಅವರ ಮಾತು.

ನಮ್ಮ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕಾಫಿ ತೋಟದ ಒಂದು ಪಟ್ಟಿಯಲ್ಲಿ ನಾವು ಅತ್ತಿ, ಬಸರಿ ಮರಗಳನ್ನು ಕಡಿಸಿ ಸಾಲಾಗಿ ಸಿಲ್ವರ್ ಓಕ್ ನೆಡಿಸಿದೆವು. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕೊನೆಗೆ ಮರಕ್ಕೂ ದುಡ್ಡು ಬರುತ್ತದೆ ಎಂಬ ಲೆಕ್ಕಾಚಾರ. ಲೆಕ್ಕ ಸುಳ್ಳಾಗಲಿಲ್ಲ. ಆದರೆ ಹಣ್ಣಿನ ಕಾಲದಲ್ಲಿ ಆ ಪಟ್ಟಿಯಲ್ಲಿ ಈಗ ಹಕ್ಕಿಯ ಗದ್ದಲವಿಲ್ಲ. ಮರ ಕಡಿಯುವ ದಿನ, ನಮ್ಮ ತಂದೆಯವರ ಕಾಲದಿಂದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬರು, “ಅಯ್ಯಾ, ಇದ್ರಾಗೆ ಎಷ್ಟು ಜಾತಿ ಹಕ್ಕಿ ಕೂರ್ತಾವೆ ಗೊತ್ತಾ?” ಎಂದು ಕೇಳಿದ್ದರು. ನಮಗೆ ಗೊತ್ತಿರಲಿಲ್ಲ. ಪದವೀಧರರಾದ ನಾವು ಕವಿಯ ಪುಸ್ತಕ ಓದಿದ್ದೆವು. ಕವಿ ನೋಡಿದ್ದನ್ನು ಆಕೆ ದಿನವೂ ನೋಡುತ್ತಿದ್ದರು.

ಹಳೆಯ ಜೀತದ ಮಲೆನಾಡು ಮರಳಿ ಬರಲೆಂದು ಯಾರೂ ಬಯಸಬಾರದು. ಕುವೆಂಪು ಅವರೂ ಬಯಸಲಿಲ್ಲ. ಉಳಿಸಬೇಕಾದದ್ದು ಕಾನು, ಹಳ್ಳ, ಹೆಸರುಗಳು ಮತ್ತು ದುಡಿಯುವವರ ಮಾನ. ಈ ಮಳೆಗಾಲ ಮುಗಿಯುವುದರೊಳಗೆ ನಾವು ಆ ಪಟ್ಟಿಯ ಸಿಲ್ವರ್ ಸಾಲುಗಳ ನಡುವೆ ಅತ್ತಿ, ಬಸರಿ, ಹಲಸಿನ ಗಿಡ ನೆಡಿಸಲಿದ್ದೇವೆ. ಸದಸ್ಯರೂ ತಮ್ಮ ತೋಟದಲ್ಲಿ ನಾಲ್ಕು ಕಾಡುಮರಗಳಿಗೆ ಜಾಗ ಕೊಡಲಿ. ಯಾವುದನ್ನು ಎಲ್ಲಿ ನೆಡಬೇಕೆಂದು ತೋಟದ ಹಿರಿಯ ಆಳುಗಳನ್ನು ಕೇಳಲಿ. ಕೇಳುವಾಗ ಅವರನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಒಂದು ಲೋಟ ಕಾಫಿ ಕೊಟ್ಟು ಕೇಳಲಿ.